ಜಬಿರು: ಕಾಕಡು ರಾಷ್ಟ್ರೀಯ ಉದ್ಯಾನದ ಪಟ್ಟಣ

ಜಬಿರು ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿ ಎಂಬ ಉತ್ತರ ಪ್ರಾಂತ್ಯದಲ್ಲಿ, ಪ್ರಾಂತ್ಯದ ರಾಜಧಾನಿ ಡಾರ್ವಿನ್‌ನಿಂದ ಪೂರ್ವಕ್ಕೆ ಸುಮಾರು 255 ಕಿ.ಮೀ. ದೂರದಲ್ಲಿ, ಕಾಕಡು ರಾಷ್ಟ್ರೀಯ ಉದ್ಯಾನದ ನಡುವೆ ಇರುವ ಸಣ್ಣ ಪಟ್ಟಣ. 2016ರ ಜನಗಣತಿಯಲ್ಲಿ 1,081 ಇದ್ದ ಇದರ ಜನಸಂಖ್ಯೆ 2021ರಲ್ಲಿ 755ಕ್ಕೆ ಇಳಿದಿತ್ತು. ಯುರೇನಿಯಂ ಗಣಿಯ ಕೆಲಸಗಾರರ ವಾಸಕ್ಕೆಂದು 1980ರ ದಶಕದ ಆರಂಭದಲ್ಲಿ ಕಟ್ಟಿದ ಈ ಊರು, ಗಣಿ ನಿಂತ ಮೇಲೆ ತಾನೂ ನೆಲಸಮವಾಗಬೇಕೆಂಬ ಕರಾರಿನೊಂದಿಗೆ ಹುಟ್ಟಿತ್ತು. ಗಡುವು ಮುಗಿದ 2021ರಲ್ಲಿ ನೆಲಸಮವಾಗುವ ಬದಲು ಆ ನೆಲದ ಪರಂಪರಾಗತ ಒಡೆಯರಾದ ಮಿರಾರ್ ಜನರ ಕೈಸೇರಿತು. ಪ್ರವಾಸಿಗರು ಇದನ್ನು ಸಾಮಾನ್ಯವಾಗಿ ಪೆಟ್ರೋಲು, ದಿನಸಿ ಮತ್ತು ರಾತ್ರಿಯ ವಸತಿ ಸಿಗುವ ತಂಗುದಾಣವೆಂದಷ್ಟೇ ಎಣಿಸಿ ಮುಂದೆ ಹೋಗುತ್ತಾರಾದರೂ, ಗಣಿ, ಕಾಡು ಮತ್ತು ಭೂಮಿಯ ಹಕ್ಕು ಈ ಮೂರರ ಜಗ್ಗಾಟವೇ ಆಗಿರುವ ಕಾಕಡುವಿನ ಇತ್ತೀಚಿನ ಚರಿತ್ರೆ ಇಷ್ಟು ಒತ್ತಾಗಿ ಕಾಣಸಿಗುವ ಜಾಗ ಆ ಉದ್ಯಾನದಲ್ಲಿ ಬೇರೊಂದಿಲ್ಲ.

ಸ್ಥಳ ಮತ್ತು ದಾರಿ

ಆಸ್ಟ್ರೇಲಿಯದಲ್ಲಿ ಔಟ್‌ಬ್ಯಾಕ್ ಎಂದರೆ ಕರಾವಳಿಯ ದೊಡ್ಡ ನಗರಗಳಿಂದ ದೂರವಾದ, ಜನವಸತಿ ತೀರ ವಿರಳವಾದ ಒಳನಾಡು. ಕೆಂಪು ಮರಳು, ಬತ್ತಿದ ತೊರೆ, ಕುರುಚಲು ಗಿಡ ಎಂಬ ಅದರ ರೂಢಿಯ ಚಿತ್ರ ಖಂಡದ ನಡುಭಾಗಕ್ಕೆ ಒಪ್ಪುತ್ತದೆಯೇ ಹೊರತು ಟಾಪ್ ಎಂಡ್ ಎಂದು ಕರೆಯಲಾಗುವ ಈ ಉತ್ತರ ತುದಿಗೆ ಒಪ್ಪುವುದಿಲ್ಲ. ಜಬಿರುವಿನಲ್ಲಿ ವರ್ಷಕ್ಕೆ ಸುಮಾರು 1,500 ಮಿ.ಮೀ. ಮಳೆಯಾಗುತ್ತದೆ, ಮತ್ತು ಅದರ ಬಹುಪಾಲು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಆರು ತಿಂಗಳಲ್ಲೇ ಸುರಿದುಹೋಗುತ್ತದೆ. ಮಾನ್ಸೂನಿನ ನಾಡಿನಿಂದ ಬಂದವರಿಗೆ ಇಲ್ಲಿ ಅಪರಿಚಿತವೆನಿಸುವುದು ಮಳೆಯಲ್ಲ, ಜನರಿಲ್ಲದ ವಿಸ್ತಾರ. ಸುಮಾರು 20,000 ಚ.ಕಿ.ಮೀ. ವಿಸ್ತೀರ್ಣದ ಈ ಉದ್ಯಾನದಲ್ಲಿ ಪಟ್ಟಣವೆನಿಸಿಕೊಳ್ಳಬಹುದಾದುದು ಜಬಿರು ಒಂದೇ.

ಡಾರ್ವಿನ್‌ನಿಂದ ದಕ್ಷಿಣಕ್ಕೆ ಹೋಗುವ ಸ್ಟುವರ್ಟ್ ಹೆದ್ದಾರಿಯನ್ನು ಹಂಪ್ಟಿ ಡೂ ಎಂಬ ಊರಿನ ಬಳಿ ಬಿಟ್ಟು, ಪೂರ್ವಕ್ಕೆ ಕವಲೊಡೆಯುವ ಆರ್ನೆಮ್ ಹೆದ್ದಾರಿಯನ್ನು ಹಿಡಿದರೆ ಸುಮಾರು ಮೂರು ಗಂಟೆಯಲ್ಲಿ ಜಬಿರು ತಲುಪಬಹುದು. ಪೂರ್ತಿ ಡಾಂಬರು ಹಾಕಿದ ಈ ರಸ್ತೆ ಅಡಿಲೇಡ್, ಮೇರಿ ಮತ್ತು ಸೌತ್ ಆಲಿಗೇಟರ್ ನದಿಗಳನ್ನು ದಾಟುತ್ತದೆ. ಈ ನದಿಗೆ ಆಲಿಗೇಟರ್ ಎಂಬ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರಾವಳಿಯ ನಕ್ಷೆ ತಯಾರಿಸಿದ ಫಿಲಿಪ್ ಪಾರ್ಕರ್ ಕಿಂಗ್ ಎಂಬ ನೌಕಾಧಿಕಾರಿಯಿಂದ. ಇಲ್ಲಿ ಇರುವುದು ಮೊಸಳೆಗಳೇ ಹೊರತು ಆಲಿಗೇಟರ್‌ಗಳಲ್ಲ. ಜಬಿರುವಿನಿಂದ ನೈಋತ್ಯಕ್ಕೆ ಹೊರಡುವ ಕಾಕಡು ಹೆದ್ದಾರಿ ಸುಮಾರು 200 ಕಿ.ಮೀ. ಸಾಗಿ ಪೈನ್ ಕ್ರೀಕ್ ಎಂಬಲ್ಲಿ ಮತ್ತೆ ಸ್ಟುವರ್ಟ್ ಹೆದ್ದಾರಿಯನ್ನು ಕೂಡುವುದರಿಂದ, ಹೋದ ದಾರಿಯಲ್ಲೇ ಹಿಂದಿರುಗದೆ ಸುತ್ತುಹಾಕಿ ಬರುವುದು ಪ್ರವಾಸಿಗರ ರೂಢಿ. ಭಾರತದಲ್ಲಿರುವಂತೆ ಇಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಆದರೆ ಎರಡು ಮೂರು ಟ್ರೇಲರ್‌ಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಓಡುವ, ರೋಡ್ ಟ್ರೈನ್ ಎಂದು ಕರೆಯಲಾಗುವ ಲಾರಿಗಳು ಪ್ರಾಂತ್ಯದ ಹೆದ್ದಾರಿಗಳಲ್ಲಿ ಸಾಮಾನ್ಯ; ಕತ್ತಲಾದ ಮೇಲೆ ವಾಲಬಿ ಎಂಬ ಸಣ್ಣ ಜಾತಿಯ ಕಾಂಗರೂಗಳೂ ಕಾಡೆಮ್ಮೆಗಳೂ ರಸ್ತೆಗೆ ಅಡ್ಡ ಬರುತ್ತವೆ. ಈ ಕಾರಣಕ್ಕೆ ರಾತ್ರಿ ಪಯಣವನ್ನು ಸ್ಥಳೀಯರೇ ಬೇಡವೆನ್ನುತ್ತಾರೆ.

ಊರು ಹುಟ್ಟಿದ ಬಗೆ

1969ರಲ್ಲಿ ವಿಮಾನದಿಂದ ನಡೆಸಿದ ವಿಕಿರಣ ಸಮೀಕ್ಷೆಯಲ್ಲಿ ಮಗೇಲ ತೊರೆಯ ಬಳಿ ಯುರೇನಿಯಂ ಅದಿರಿನ ದೊಡ್ಡ ನಿಕ್ಷೇಪ ಪತ್ತೆಯಾಯಿತು. ಮುಂದೆ ರೇಂಜರ್ ಗಣಿಯೆಂದು ಹೆಸರಾದುದು ಇದೇ. ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿಸಬೇಕೆಂಬ ಬೇಡಿಕೆ, ಮೂಲನಿವಾಸಿಗಳ ಭೂಮಿಯ ಹಕ್ಕಿನ ಚಳವಳಿ ಮತ್ತು ಗಣಿಗಾರಿಕೆಯ ಒತ್ತಡ ಮೂರೂ ಒಂದೇ ಕಾಲಕ್ಕೆ ಕೂಡಿಬಂದುದರಿಂದ, ಆಸ್ಟ್ರೇಲಿಯ ಸರ್ಕಾರ 1975ರಲ್ಲಿ ನ್ಯಾಯಮೂರ್ತಿ ರಸೆಲ್ ಫಾಕ್ಸ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವೊಂದನ್ನು ನೇಮಿಸಿತು. 1976 ಮತ್ತು 1977ರಲ್ಲಿ ಎರಡು ವರದಿಗಳನ್ನು ಕೊಟ್ಟ ಈ ಆಯೋಗ ಮೂವರಿಗೂ ಒಂದೊಂದು ಪಾಲು ಹಂಚಿತೆನ್ನಬಹುದು: ಭೂಮಿಯ ಒಡೆತನ ಮೂಲನಿವಾಸಿಗಳಿಗೆ ಸಲ್ಲಬೇಕು, ವಿಶಾಲವಾದ ಉದ್ಯಾನವೊಂದು ಸ್ಥಾಪನೆಯಾಗಬೇಕು, ಕಟ್ಟುನಿಟ್ಟಿನ ಮೇಲ್ವಿಚಾರಣೆಯಲ್ಲಿ ಗಣಿಯೂ ನಡೆಯಬಹುದು. ಆದರೆ ಗಣಿ ಬೇಡವೆಂದವರ ಮಾತು ಗೆಲ್ಲುವ ದಾರಿಯನ್ನು ಕಾನೂನೇ ಮುಚ್ಚಿತ್ತು. 1976ರ ಮೂಲನಿವಾಸಿಗಳ ಭೂಹಕ್ಕು ಕಾಯ್ದೆ ಗಣಿಗಾರಿಕೆಯನ್ನು ತಡೆಯುವ ಅಧಿಕಾರವನ್ನು ಸಾಮಾನ್ಯವಾಗಿ ಭೂಮಾಲೀಕರಿಗೆ ಕೊಟ್ಟಿದ್ದರೂ, ರೇಂಜರ್ ನಿಕ್ಷೇಪವನ್ನು ಮಾತ್ರ ಆ ಅಧಿಕಾರದಿಂದ ಹೊರಗಿಟ್ಟಿತ್ತು. ಮಿರಾರ್ ಹಿರಿಯ ಟೋಬಿ ಗಂಗಾಲೆ ಅವರ ವಿರೋಧದ ನಡುವೆಯೂ 1978ರ ನವೆಂಬರಿನಲ್ಲಿ ಗಣಿ ಒಪ್ಪಂದಕ್ಕೆ ಸಹಿ ಬಿತ್ತು. 1979ರ ಏಪ್ರಿಲ್‌ನಲ್ಲಿ ಉದ್ಯಾನದ ಮೊದಲ ಹಂತ ಘೋಷಣೆಯಾಗಿ, 1981ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಗಣಿಯೂ ಉತ್ಪಾದನೆಗೆ ಇಳಿಯಿತು. ನಕ್ಷೆಯಲ್ಲಿ ರೇಂಜರ್ ಗಣಿಯ ಜಾಗ ಉದ್ಯಾನದ ಭಾಗವಲ್ಲ, ಆದರೆ ಅದರ ನಾಲ್ಕು ದಿಕ್ಕಿಗೂ ಉದ್ಯಾನವೇ ಇದೆ.

ಗಣಿಗೆ ಎಂಟು ಕಿ.ಮೀ. ಪಶ್ಚಿಮದಲ್ಲಿ ಎದ್ದ ಜಬಿರುವಿಗೆ ಮೊದಲಿನಿಂದಲೂ ಮಿತಿಗಳನ್ನು ವಿಧಿಸಲಾಗಿತ್ತು. ಉದ್ಯಾನದೊಳಗೆ ನಗರವೊಂದು ಬೆಳೆದುಬಿಡಬಾರದೆಂಬ ಎಚ್ಚರದಿಂದ ಫಾಕ್ಸ್ ಆಯೋಗ ಜನಸಂಖ್ಯೆ 3,500ನ್ನು ಮೀರಬಾರದೆಂದು ಹೇಳಿತ್ತು. ಪಟ್ಟಣದ ಜಾಗವನ್ನು ರಾಷ್ಟ್ರೀಯ ಉದ್ಯಾನಗಳ ನಿರ್ದೇಶಕರಿಂದ 2021ರ ಜೂನ್‌ವರೆಗೆ ನಲವತ್ತು ವರ್ಷದ ಗುತ್ತಿಗೆಗೆ ಪಡೆಯಲಾಗಿತ್ತು. ಸುತ್ತಲಿನ ಭೂಮಿಯ ಮೇಲೆ ಮೂಲನಿವಾಸಿಗಳ ಒಡೆತನ ಅಂಗೀಕಾರವಾದಾಗಲೂ ಪಟ್ಟಣದ ಜಾಗ ಮಾತ್ರ ಅದರಿಂದ ಹೊರಗುಳಿಯಿತು. ಹೀಗೆ ಊರು ಕಟ್ಟಿದವರಿಗೆ ಅದು ಬಾಡಿಗೆ ಮನೆಯಾಗಿತ್ತು. ಒಡೆಯರಿಗೆ ತಮ್ಮದೇ ನೆಲದಲ್ಲಿ ಎದ್ದ ಪರರ ಮನೆಯಾಗಿತ್ತು.

ರೇಂಜರ್‌ನಿಂದ ಉತ್ತರಕ್ಕಿರುವ ಜಬಿಲುಕಾ ನಿಕ್ಷೇಪದಲ್ಲಿ ಎರಡನೆಯ ಗಣಿ ತೆರೆಯುವ ಪ್ರಯತ್ನ 1990ರ ದಶಕದ ಕೊನೆಗೆ ನಡೆದಾಗ ಕತೆ ಬೇರೆಯಾಯಿತು. ಟೋಬಿ ಗಂಗಾಲೆಯವರ ಮಗಳು ಇವಾನ್ ಮಾರ್ಗರುಲಾ ಮತ್ತು ಸಂಘಟಕಿ ಜ್ಯಾಕಿ ಕಟೋನ ಅವರ ಮುಂದಾಳತ್ವದಲ್ಲಿ 1998ರಲ್ಲಿ ಎಂಟು ತಿಂಗಳ ಕಾಲ ನಡೆದ ತಡೆ ಚಳವಳಿಯಲ್ಲಿ ಸುಮಾರು 5,000 ಜನ ಭಾಗವಹಿಸಿದರು. ಇಬ್ಬರಿಗೂ 1999ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಸುರಂಗ ತೋಡಿದ್ದರೂ ಗಣಿ ನಡೆಯಲಿಲ್ಲ, ತೋಡಿದ್ದನ್ನು ಮತ್ತೆ ಮುಚ್ಚಲಾಯಿತು. ದಕ್ಷಿಣದ ಕೂಂಗಾರ ನಿಕ್ಷೇಪವನ್ನು ಅದರ ಹಿರಿಯ ಒಡೆಯ ಜೆಫ್ರಿ ಲೀ ಗಣಿಗೆ ಬಿಟ್ಟುಕೊಡಲು ಒಪ್ಪದೆ ಉದ್ಯಾನಕ್ಕೆ ಕೊಟ್ಟರು; 2011ರಲ್ಲಿ ಅದು ವಿಶ್ವ ಪರಂಪರೆಯ ವ್ಯಾಪ್ತಿಗೆ ಬಂತು.

ಆರು ಋತುಗಳು

ಪ್ರವಾಸದ ಕೈಪಿಡಿಗಳು ಇಲ್ಲಿಯ ವರ್ಷವನ್ನು ಒಣಗಾಲ ಮತ್ತು ಮಳೆಗಾಲ ಎಂದು ಎರಡಾಗಿ ಒಡೆಯುತ್ತವೆ. ಉತ್ತರ ಭಾಗದಲ್ಲಿ ಬಿನಿಂಜ್ ಎಂದೂ ದಕ್ಷಿಣದಲ್ಲಿ ಮುಂಗುಯ್ ಎಂದೂ ತಮ್ಮನ್ನು ಕರೆದುಕೊಳ್ಳುವ ಇಲ್ಲಿಯ ಮೂಲನಿವಾಸಿಗಳ ಲೆಕ್ಕದಲ್ಲಿ ಋತುಗಳು ಆರು. ಎಣಿಕೆ ಆರೇ ಎಂಬ ಕಾರಣಕ್ಕೆ ಕನ್ನಡ ಓದುಗರಿಗೆ ಇದು ಪರಿಚಿತವೆನಿಸಬಹುದಾದರೂ ಈ ಋತುಗಳು ತಿಥಿಯ ಪ್ರಕಾರ ಬರುವುದಿಲ್ಲ. ಗಾಳಿಯ ದಿಕ್ಕು, ಹೂವು, ಹುಲ್ಲು, ಹಕ್ಕಿಗಳ ನಡೆ ಬದಲಾದಾಗ ಋತು ಬದಲಾಯಿತೆಂದು ಗುರುತಿಸಲಾಗುತ್ತದೆ.

ಗುಜೆವ್ಗ್ ಎಂಬುದು ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಘನ ಮಳೆಯ ಕಾಲ. ಆಗ ಈಟಿಹುಲ್ಲು ಎನ್ನಬಹುದಾದ ಸ್ಪಿಯರ್ ಗ್ರಾಸ್ ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ, ನೆರೆಬಯಲುಗಳು ತುಂಬುತ್ತವೆ, ಮ್ಯಾಗ್‌ಪೈ ಹೆಬ್ಬಾತುಗಳು ಜೊಂಡಿನ ನಡುವೆ ಗೂಡು ಕಟ್ಟುತ್ತವೆ. ಏಪ್ರಿಲ್‌ನ ಬಂಗೆರೆಂಗ್ ಋತುವಿನಲ್ಲಿ ಬೀಸುವ ಬಿರುಗಾಳಿ ಆ ಹುಲ್ಲನ್ನು ನೆಲಕ್ಕೆ ಮಲಗಿಸುತ್ತದೆ. ಮೇ ತಿಂಗಳಿನಿಂದ ಯೆಗ್ಗೆ ಎಂಬ ಮಂಜಿನ, ತುಸು ತಂಪಿನ ಕಾಲ. ವುಲಿಬಟ್ ಎಂಬ ನೀಲಗಿರಿ ಜಾತಿಯ ಮರ ಹೂಬಿಟ್ಟಿತೆಂದರೆ ಕಾಡಿಗೆ ಬೆಂಕಿಯಿಡುವ ಹೊತ್ತು ಬಂತೆಂದು ಅರ್ಥ. ಹುಲ್ಲು ಇನ್ನೂ ಅರೆಹಸಿರಾಗಿರುವಾಗ ತುಂಡುತುಂಡಾಗಿ ಸುಡುವ ಈ ತಣ್ಣನೆಯ ಬೆಂಕಿ ಇಬ್ಬನಿ ಬೀಳುವ ಹೊತ್ತಿಗೆ ತಾನೇ ಆರುತ್ತದೆ, ಮತ್ತು ವರ್ಷದ ಕೊನೆಗೆ ಸಿಡಿಲಿನಿಂದ ಹೊತ್ತಬಹುದಾದ ದೊಡ್ಡ ಕಿಚ್ಚಿಗೆ ಉರುವಲು ಉಳಿಯದಂತೆ ಮಾಡುತ್ತದೆ. ಸಂರಕ್ಷಿತ ಕಾಡಿನಲ್ಲಿ ಬೆಂಕಿ ಎಂದರೆ ದುರಂತ ಅಥವಾ ಅಪರಾಧ ಎಂದು ಬಗೆಯುವ ಸಂದರ್ಶಕನಿಗೆ, ಜೂನ್‌ನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಯಾರೂ ನಂದಿಸದೆ ಬಿಟ್ಟಿರುವ ಉರಿಯನ್ನು ಕಂಡಾಗ ಗಾಬರಿಯಾಗುವುದುಂಟು. ಉದ್ಯಾನದ ವನಪಾಲಕರು ಇದನ್ನು ಪರಂಪರಾಗತ ಒಡೆಯರೊಂದಿಗೆ ಕೂಡಿ ಯೋಜಿಸಿಯೇ ಮಾಡುತ್ತಾರೆ.

ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗಿನ ವುರ್ಗೆಂಗ್ ಇಲ್ಲಿಯ ಚಳಿಗಾಲ. ರಾತ್ರಿಯ ಉಷ್ಣತೆ 17 ಅಥವಾ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ ಎಂಬುದಷ್ಟೇ ಅದರ ಚಳಿ. ಹೊರಗಿನ ಪ್ರವಾಸಿಗರು ಹೆಚ್ಚಾಗಿ ಬರುವುದು ಆಗಲೇ. ಬಳಿಕ ಗುರುಂಗ್ ಎಂಬ ಒಣ ಸೆಕೆ, ಅದಾದ ಮೇಲೆ ಅಕ್ಟೋಬರ್ ನಡುವಿನಿಂದ ಗುನುಮೆಲೆಂಗ್ ಎಂಬ ಮುಂಗಾರಿನ ಮುನ್ನಿನ ಧಗೆ. ಅಕ್ಟೋಬರಿನಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ 37 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ, ಸಂಜೆ ಗುಡುಗಿದರೂ ಮಳೆ ಬರುವುದು ಖಚಿತವಿಲ್ಲ. ಅನುಕೂಲವನ್ನೇ ನೋಡುವವರಿಗೆ ಇದು ವರ್ಷದ ಕೆಟ್ಟ ಕಾಲ. ಆದರೆ ನೀರು ಬತ್ತುತ್ತ ಬಂದು ಉಳಿದ ಮಡುಗಳಲ್ಲಿ ಸಾವಿರಾರು ಹೆಬ್ಬಾತುಗಳು ಒಟ್ಟಾಗುವುದು ಆಗಲೇ ಆದ್ದರಿಂದ ಪಕ್ಷಿವೀಕ್ಷಕರು ಬೇಕೆಂದೇ ಈ ತಿಂಗಳುಗಳನ್ನು ಆರಿಸಿಕೊಳ್ಳುತ್ತಾರೆ.

ಪಟ್ಟಣ

ಜಬಿರು ತಾನಾಗಿ ಬೆಳೆದ ಊರಲ್ಲ, ನಕ್ಷೆಯಿಂದ ನೆಲಕ್ಕಿಳಿದ ಊರು ಎಂಬುದು ಅದರ ಬಾಗುಬೀದಿಗಳಲ್ಲಿ, ಒಂದೇ ಕಾಲದ ಮನೆಗಳ ಸಾಲಿನಲ್ಲಿ ಕಾಣುತ್ತದೆ. ನಡುವೆ ಅಂಗಡಿಗಳ ಒಂದು ಚೌಕ, ಸೂಪರ್ ಮಾರ್ಕೆಟ್ಟು, ಅಂಚೆ ಕಚೇರಿ, ಶಾಲೆ, ಆರೋಗ್ಯ ಕೇಂದ್ರ, ಸಾರ್ವಜನಿಕ ಈಜುಕೊಳ, ಪೆಟ್ರೋಲ್ ಬಂಕು. ಪಕ್ಕದಲ್ಲೇ ಇರುವ ಜಬಿರು ಕೆರೆ ನೋಡಲು ಎಷ್ಟೇ ಚೆಲುವಾಗಿದ್ದರೂ ಅದರಲ್ಲಿ ಇಳಿಯುವಂತಿಲ್ಲ. ಪಶ್ಚಿಮ ಆರ್ನೆಮ್ ಪ್ರಾದೇಶಿಕ ಕೌನ್ಸಿಲಿನ ಆಡಳಿತ ಕೇಂದ್ರ ಇಲ್ಲಿದೆ. ಪಟ್ಟಣದಾಚೆ ಬಹುತೇಕ ಕಡೆ ಮೊಬೈಲ್ ಸಂಪರ್ಕ ಸಿಗದಿರುವುದರಿಂದ, ಕಾಡಿನೊಳಗೆ ಹೊರಡುವವರು ನೀರು, ಇಂಧನ ಮತ್ತು ಸುದ್ದಿ ಮೂರನ್ನೂ ಇಲ್ಲೇ ತುಂಬಿಕೊಳ್ಳಬೇಕು.

ಊರಿನ ಅತಿ ಪ್ರಸಿದ್ಧ ಕಟ್ಟಡ 1988ರಲ್ಲಿ ತೆರೆದ ಮೊಸಳೆಯಾಕಾರದ ಹೋಟೆಲು. ನೂರಹತ್ತು ಕೋಣೆಗಳ ಈ ಕಟ್ಟಡಕ್ಕೆ ಬಾಯಿಯ ಮೂಲಕ ಒಳಹೋಗಬೇಕು. ಹೊಟ್ಟೆಯಿರುವಲ್ಲಿ ಅಂಗಳ ಮತ್ತು ಈಜುಕೊಳವಿದ್ದು, ಕೋಣೆಗಳು ಎರಡು ಪಕ್ಕೆಗಳಲ್ಲಿ ಸಾಲಾಗಿ ಬಾಲದ ಕಡೆಗೆ ಸಾಗುತ್ತವೆ. ಮಜವೆಂದರೆ ನೆಲದ ಮೇಲೆ ನಿಂತವನಿಗೆ ಮೊಸಳೆ ಕಾಣುವುದೇ ಇಲ್ಲ, ಅದನ್ನು ನೋಡಲು ವಿಮಾನವನ್ನೇ ಏರಬೇಕು. ವಾಸ್ತುಶಿಲ್ಪದ ದೃಷ್ಟಿಯಿಂದ ಇದಕ್ಕಿಂತ ಮಿಗಿಲಾದುದು ಪಟ್ಟಣಕ್ಕೆ ಹತ್ತಿರದಲ್ಲೇ ಇರುವ ಬೋವಾಲಿ ಸಂದರ್ಶಕ ಕೇಂದ್ರ. ಗ್ಲೆನ್ ಮರ್ಕಟ್ ಮತ್ತು ಟ್ರೊಪ್ಪೊ ಸಂಸ್ಥೆಯ ವಾಸ್ತುಶಿಲ್ಪಿಗಳು ರೂಪಿಸಿ 1994ರಲ್ಲಿ ಪೂರ್ಣಗೊಂಡ ಈ ಉದ್ದನೆಯ, ಅಗಲ ಸೂರಿನ ಕಟ್ಟಡ ಬಂಡೆಯಾಸರೆಯ ನೆರಳನ್ನೂ ಗಾಳಿಯಾಟವನ್ನೂ ಅನುಸರಿಸಿದೆ. ಉದ್ಯಾನದ ಪ್ರವೇಶಪತ್ರ, ನಕ್ಷೆ ಮತ್ತು ದಾರಿಗಳ ಸ್ಥಿತಿಯ ಮಾಹಿತಿ ಸಿಗುವುದು ಇಲ್ಲೇ. ಪಟ್ಟಣದೊಳಗೆ ಹಳೆಯ ಬೇಕರಿಯ ಕಟ್ಟಡಕ್ಕೆ ಸ್ಥಳಾಂತರಗೊಂಡಿರುವ ಮರವುಡ್ಡಿ ಕಲಾಕೇಂದ್ರ ಮಿರಾರ್ ಜನರ ಒಡೆತನದ್ದು. ತೊಗಟೆಯ ಮೇಲಿನ ಚಿತ್ರಗಳು, ಕೇದಗೆಯ ಕುಲಕ್ಕೆ ಸೇರಿದ ಪ್ಯಾಂಡನಸ್ ಎಲೆಯ ನಾರನ್ನು ಬೇರು ಮತ್ತು ಎಲೆಗಳ ಬಣ್ಣದಲ್ಲಿ ಅದ್ದಿ ಹೆಣೆದ ಬುಟ್ಟಿ, ಚಾಪೆಗಳು ಅಲ್ಲಿ ಮಾರಾಟಕ್ಕಿವೆ.

ಬಂಡೆಚಿತ್ರಗಳು

ವಿಶ್ವ ಪರಂಪರೆಯ ಪಟ್ಟಿಯಲ್ಲಿ ಪ್ರಾಕೃತಿಕ ಮತ್ತು ಸಾಂಸ್ಕೃತಿಕ ಮೌಲ್ಯಗಳೆರಡಕ್ಕೂ ಸ್ಥಾನ ಪಡೆದ ಸ್ಥಳಗಳು ಕಡಿಮೆ; ಕಾಕಡು ಅವುಗಳಲ್ಲೊಂದು, ಮತ್ತು ಅದಕ್ಕೆ ಮುಖ್ಯ ಕಾರಣ ಇಲ್ಲಿಯ ಬಂಡೆಚಿತ್ರಗಳು. ಆರ್ನೆಮ್ ಪ್ರಸ್ಥಭೂಮಿಯ ಅಂಚಿನಲ್ಲಿ ನೂರಾರು ಮೀಟರ್ ಎತ್ತರಕ್ಕೆ ಕಡಿದಾಗಿ ನಿಂತಿರುವ ಮರಳುಗಲ್ಲಿನ ಗೋಡೆ ಮತ್ತು ಅದರಿಂದ ಬೇರ್ಪಟ್ಟು ಬಯಲಿನಲ್ಲಿ ನಿಂತಿರುವ ಬಂಡೆಗುಡ್ಡಗಳಲ್ಲಿ 5,000ಕ್ಕೂ ಹೆಚ್ಚು ಚಿತ್ರತಾಣಗಳು ದಾಖಲಾಗಿವೆ. ಸಾರ್ವಜನಿಕರಿಗೆ ತೆರೆದಿರುವುದು ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಜಬಿರುವಿನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದ ಉಬಿರ್ ಇವುಗಳಲ್ಲಿ ಮೊದಲು ನೋಡತಕ್ಕದ್ದು. ಇಲ್ಲಿಯ ಮುಖ್ಯ ಗೋಡೆಯಲ್ಲಿ ಬ್ಯಾರಮಂಡಿ ಮೀನು, ಉದ್ದಕತ್ತಿನ ಆಮೆ, ಉಡ, ವಾಲಬಿ ಮುಂತಾದವುಗಳನ್ನು ಎಕ್ಸ್-ರೇ ಶೈಲಿಯಲ್ಲಿ, ಎಂದರೆ ಪ್ರಾಣಿಯ ಹೊರರೇಖೆಯೊಳಗೆ ಅದರ ಬೆನ್ನೆಲುಬು, ಈಲಿ, ಗಾಳಿಚೀಲಗಳೂ ಕಾಣುವಂತೆ ಬರೆಯಲಾಗಿದೆ. ತಿನ್ನುವ ಪ್ರಾಣಿಯ ಯಾವ ಭಾಗ ಎಲ್ಲಿದೆ ಎಂದು ಬಲ್ಲ ಬೇಟೆಗಾರರ ಕಣ್ಣು ಈ ಚಿತ್ರಗಳಲ್ಲಿದೆ. ಅದೇ ತಾಣದಲ್ಲಿ ಎತ್ತರದ ಕಲ್ಲಿನ ಮೇಲೆ ಥೈಲಸೀನ್ ಎಂಬ ಪಟ್ಟೆಬೆನ್ನಿನ ಮಾಂಸಾಹಾರಿಯ ಚಿತ್ರವಿದೆ. ಟಾಸ್ಮೇನಿಯ ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದವರೆಗೆ ಉಳಿದಿದ್ದ ಈ ಪ್ರಾಣಿ ಮುಖ್ಯ ಭೂಭಾಗದಿಂದ ಅಳಿದು ಸಾವಿರಾರು ವರ್ಷಗಳಾದುದರಿಂದ ಚಿತ್ರವೂ ಅಷ್ಟು ಹಳೆಯದಿರಬೇಕು. ಇನ್ನೊಂದು ಕಡೆ ಜೇಬಿನಲ್ಲಿ ಕೈಯಿಟ್ಟು ನಿಂತ ಬಿಳಿಯನ ಚಿತ್ರವಿದೆ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಮ್ಮೆಯ ತೊಗಲಿಗಾಗಿ ಬೇಟೆಗಾರರು ಬಂದ ಕಾಲದ್ದೆಂದು ಊಹಿಸಲಾಗಿದೆ. ಈ ಚಿತ್ರಗಳಲ್ಲಿ ಹಲವು ನೀತಿಯನ್ನೂ ಹೇಳುತ್ತವೆ. ಮಬುಯು ಎಂಬ ಬೇಟೆಗಾರ ಹಿಡಿದ ಮೀನುಗಳನ್ನು ಹಗ್ಗಕ್ಕೆ ಪೋಣಿಸಿ ಎಳೆದು ತರುವಾಗ ಯಾರೋ ಹಗ್ಗ ಕತ್ತರಿಸಿ ಕದ್ದರು. ಕಳ್ಳರು ತಿಂದು ಗುಹೆಯಲ್ಲಿ ಮಲಗಿದ ರಾತ್ರಿ ಅವನು ಗುಹೆಯ ಬಾಯಿಗೆ ಬಂಡೆ ಉರುಳಿಸಿದ. ಕಳ್ಳತನ ಮಾಡಬಾರದೆಂದು ಮಕ್ಕಳಿಗೆ ಹೇಳಲು ಹಿರಿಯರು ತೋರಿಸುತ್ತಿದ್ದುದು ಈ ಚಿತ್ರವನ್ನು. ಉಬಿರ್‌ನ ಬಂಡೆಯ ನೆತ್ತಿಗೆ ಏರಿದರೆ ಕೆಳಗೆ ನದಾಬ್ ನೆರೆಬಯಲು ಹರಡಿರುತ್ತದೆ. ಸೂರ್ಯಾಸ್ತಕ್ಕೆ ಅಲ್ಲಿ ನೆರೆಯುವ ಜನಸಂದಣಿ ಒಣಗಾಲದಲ್ಲಿ ಸಣ್ಣದಲ್ಲ. 1986ರ ‘ಕ್ರೊಕಡೈಲ್ ಡಂಡೀ’ ಚಲನಚಿತ್ರದ ಕೆಲವು ದೃಶ್ಯಗಳು ಈ ಪ್ರದೇಶದಲ್ಲಿ ಚಿತ್ರಿತವಾದುದು ಆ ಸಂದಣಿಗೆ ಒಂದು ಕಾರಣ.

ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ಬುರುಂಗ್ಕುಯ್, ಹಿಂದಿನ ಹೆಸರಿನಲ್ಲಿ ನೂರ್ಲಾಂಜಿ, ಬೇರೆ ಬಗೆಯದು. ಅಲ್ಲಿಯ ಅನ್‌ಬಂಗ್‌ಬಂಗ್ ಗೋಡೆಯ ಮೇಲಿರುವ ನಮರ್ಗೋನ್ ಸಿಡಿಲಿನ ಪುರುಷ. ಅವನ ಮೈಸುತ್ತ ಕಮಾನಿನಂತೆ ಹಾದಿರುವ ಗೆರೆ ಮಿಂಚು. ತಲೆ, ಮೊಣಕೈ, ಮೊಣಕಾಲುಗಳಲ್ಲಿ ಅಂಟಿಕೊಂಡಿರುವ ಕಲ್ಲಿನ ಕೊಡಲಿಗಳನ್ನು ಅವನು ಮೋಡಕ್ಕೆ ಬಡಿದಾಗ ಗುಡುಗು ಹುಟ್ಟುತ್ತದೆ. ಮೊದಲ ಗುಡುಗಿನ ಹೊತ್ತಿಗೆ ಪ್ರಸ್ಥಭೂಮಿಯ ಕಲ್ಲುಗಳ ನಡುವೆ ಕಾಣಿಸಿಕೊಳ್ಳುವ ಕಿತ್ತಳೆ ಮತ್ತು ನೀಲಿ ಬಣ್ಣದ ಮಿಡತೆಗಳು ಅವನ ಮಕ್ಕಳು. 1845ರಲ್ಲಿ ಈ ಭಾಗವನ್ನು ಹಾದುಹೋದ ಜರ್ಮನ್ ಅನ್ವೇಷಕ ಲುಡ್ವಿಗ್ ಲೈಖಾರ್ಟ್‌ನ ಹೆಸರಿನಿಂದಲೇ ಇಂಗ್ಲಿಷಿನಲ್ಲಿ ಈ ಮಿಡತೆಯನ್ನು ಕರೆಯುತ್ತಾರೆ. ಇದೇ ಗೋಡೆಯ ಈಗಿನ ಚಿತ್ರಗಳಲ್ಲಿ ಮುಖ್ಯವಾದವು ಪ್ರಾಚೀನವಲ್ಲ; ನಯೊಂಬೊಲ್ಮಿ ಎಂಬ ಕಲಾವಿದ 1960ರ ದಶಕದ ಆರಂಭದಲ್ಲಿ ಹಳೆಯ ಚಿತ್ರಗಳ ಮೇಲೆಯೇ ಅವನ್ನು ಬರೆದ. ಹಳೆಯದನ್ನು ಮುಟ್ಟದೆ ಕಾಯುವುದೇ ಸಂರಕ್ಷಣೆ ಎಂದು ಬಗೆಯುವ ವಸ್ತುಸಂಗ್ರಹಾಲಯದ ಬುದ್ಧಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿಯ ರೂಢಿಯಲ್ಲಿ ಹಕ್ಕುಳ್ಳವನು ಮತ್ತೆ ಬರೆಯುವುದೂ ಸಂರಕ್ಷಣೆಯೇ.

ಮಿರಾರ್ ನೆಲದಲ್ಲೇ, ಜಬಿಲುಕಾ ಗುತ್ತಿಗೆಗೆ ಸೇರಿದ್ದ ಜಾಗದೊಳಗೆ ಇರುವ ಮಜೆದ್ಬೆಬೆ ಎಂಬ ಬಂಡೆಯಾಸರೆಯ ಉತ್ಖನನದ ಫಲಿತಾಂಶ 2017ರಲ್ಲಿ ಪ್ರಕಟವಾಗಿ, ಅಲ್ಲಿ ಮನುಷ್ಯರು ಸುಮಾರು 65,000 ವರ್ಷಗಳ ಹಿಂದೆಯೇ ನೆಲೆಸಿದ್ದರೆಂಬ ನಿರ್ಣಯವನ್ನು ಮುಂದಿಟ್ಟಿತು. ಅಂಚು ಉಜ್ಜಿ ಹರಿತಗೊಳಿಸಿದ ಕೊಡಲಿಗಳು, ಅರೆಯುವ ಕಲ್ಲುಗಳು, ಕಾವಿಮಣ್ಣು ಅಲ್ಲಿ ದೊರೆತಿವೆ. ಮರಳಿನ ಪದರಗಳ ಕಾಲನಿರ್ಣಯವನ್ನು ಕೆಲವು ವಿದ್ವಾಂಸರು ಪ್ರಶ್ನಿಸಿದ್ದಾರಾದರೂ ಆಸ್ಟ್ರೇಲಿಯದ ಮಾನವ ಚರಿತ್ರೆಯ ಚರ್ಚೆಯಲ್ಲಿ ಈ ತಾಣವನ್ನು ಬಿಟ್ಟು ಮುಂದೆ ಹೋಗಲು ಈಗ ಯಾರಿಗೂ ಆಗದು.

ನೀರು ಮತ್ತು ಮೊಸಳೆ

ಜಬಿರುವಿನಿಂದ ಸುಮಾರು 50 ಕಿ.ಮೀ. ನೈಋತ್ಯದ ಕುಯಿಂಡ ಎಂಬಲ್ಲಿ, ಯೆಲ್ಲೊ ವಾಟರ್ ಎಂದು ಕರೆಯಲಾಗುವ ಬಿಲಬಾಂಗ್ ಇದೆ; ಬಿಲಬಾಂಗ್ ಎಂದರೆ ನದಿಯ ಹರಿವು ನಿಂತ ಮೇಲೂ ಉಳಿಯುವ ಮಡು. ಬೆಳಗಿನ ದೋಣಿಯಲ್ಲಿ ಹೊರಟವರಿಗೆ ಇಲ್ಲಿ ಪರಿಚಿತವಾದ ಕೆಲವು ಜೀವಗಳು ಎದುರಾಗುತ್ತವೆ. ನೀರಿನಿಂದ ಎತ್ತರಕ್ಕೆದ್ದ ಗುಲಾಬಿ ಹೂವು ಭಾರತದ ಕೆರೆಗಳ ತಾವರೆಯೇ. ಇಲ್ಲಿಯವರು ಅದರ ಬೀಜವನ್ನೂ ಗೆಡ್ಡೆಯನ್ನೂ ತಿನ್ನುತ್ತಾರೆ. ಪಟ್ಟಣಕ್ಕೆ ಹೆಸರು ಕೊಟ್ಟ ಜಬಿರು ಹಕ್ಕಿ, ಹೊಳೆಯುವ ಕಪ್ಪು ಕತ್ತಿನ ದೊಡ್ಡ ಕೊಕ್ಕರೆ, ಭಾರತದಲ್ಲೂ ಅಲ್ಲಲ್ಲಿ ಉಳಿದಿದೆ. ಬ್ಯಾರಮಂಡಿಯೂ ಕರ್ನಾಟಕದ ಅಳಿವೆಗಳಲ್ಲಿ ಸಿಗುವ ಮೀನೇ. ಕಾಕಡುವಿನಲ್ಲಿ ಸುಮಾರು 280 ಜಾತಿಯ ಹಕ್ಕಿಗಳಿವೆ, ಎಂದರೆ ಆಸ್ಟ್ರೇಲಿಯದ ಪಕ್ಷಿಜಾತಿಗಳ ಮೂರನೆಯ ಒಂದು ಭಾಗ.

ಮೊಸಳೆಯ ಮಾತು ಬೇರೆ. ಕರ್ನಾಟಕದ ಹೊಳೆಗಳಲ್ಲಿರುವ ಜೌಗುಮೊಸಳೆಗಿಂತ ಹಿರಿದಾದ, ಒಡಿಶಾದ ಭಿತರ್‌ಕನಿಕಾ ಮತ್ತು ಸುಂದರಬನಗಳಲ್ಲಿ ಕಂಡುಬರುವ ಉಪ್ಪುನೀರಿನ ಮೊಸಳೆ ಇಲ್ಲಿಯ ನದಿಗಳ ಒಡೆಯ. ಹೆಸರು ಉಪ್ಪುನೀರಿನದಾದರೂ ಅದು ಕಡಲಿನಿಂದ ನೂರಾರು ಕಿ.ಮೀ. ಒಳಗಿನ ಸಿಹಿನೀರಿನಲ್ಲೂ ಬದುಕುತ್ತದೆ. ತೊಗಲಿನ ಬೇಟೆಯಿಂದ ಪ್ರಾಂತ್ಯದಲ್ಲಿ ಸುಮಾರು 3,000ಕ್ಕೆ ಇಳಿದಿದ್ದ ಇದರ ಸಂಖ್ಯೆ 1971ರಲ್ಲಿ ರಕ್ಷಣೆ ಸಿಕ್ಕ ಮೇಲೆ ಒಂದು ಲಕ್ಷದಷ್ಟಕ್ಕೆ ಏರಿದೆ. ಉಬಿರ್‌ಗೆ ಹೋಗುವ ದಾರಿಯಲ್ಲಿ ಈಸ್ಟ್ ಆಲಿಗೇಟರ್ ನದಿಗೆ ಅಡ್ಡಲಾಗಿ ಕೇಹಿಲ್ಸ್ ಕ್ರಾಸಿಂಗ್ ಎಂಬ ಮುಳುಗು ಸೇತುವೆ ಇದೆ. ಭರತದ ನೀರು ಕಾಂಕ್ರೀಟಿನ ಮೇಲೆ ಹರಿದಾಗ ಮಲೆಟ್ ಎಂಬ ಮೀನಿನ ಹಿಂಡು ಅದನ್ನು ದಾಟಲು ಹವಣಿಸುತ್ತದೆ, ಮೊಸಳೆಗಳು ಬಾಯ್ದೆರೆದು ಸಾಲಾಗಿ ಕಾಯುತ್ತವೆ. ಅಲ್ಲೇ ವಾಹನಗಳು ಕೊಚ್ಚಿಹೋದದ್ದೂ ಮೊಸಳೆಗೆ ಸಿಕ್ಕು ಜನ ಸತ್ತದ್ದೂ ಉಂಟು. ಮೇಲಿನ ವೀಕ್ಷಣಾ ಕಟ್ಟೆಯಿಂದ ನೋಡುವುದು ಒಂದೇ ಸರಿಯಾದ ಕ್ರಮ. ಸೇತುವೆಯಾಚೆ ಆರ್ನೆಮ್ ಲ್ಯಾಂಡ್ ಎಂಬ ಮೂಲನಿವಾಸಿ ಭೂಮಿ ಆರಂಭವಾಗುತ್ತದೆ. ಅಲ್ಲಿಯ ಗುನ್‌ಬಲಾನ್ಯ ಊರಿಗೂ ಅದರ ಇಂಜಲಾಕ್ ಕಲಾಕೇಂದ್ರಕ್ಕೂ ಹೋಗಲು ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು.

ಜಿಮ್ ಜಿಮ್ ಮತ್ತು ಟ್ವಿನ್ ಜಲಪಾತಗಳ ದಾರಿ ಒಣಗಾಲದಲ್ಲಷ್ಟೇ, ಅದೂ ನಾಲ್ಕು ಚಕ್ರಕ್ಕೂ ಎಳೆತವಿರುವ ವಾಹನಗಳಿಗೆ ಮಾತ್ರ ತೆರೆಯುತ್ತದೆ. ಜಲಪಾತ ತುಂಬಿ ಧುಮುಕುವ ಕಾಲದಲ್ಲಿ ಅದನ್ನು ನೋಡಬಹುದಾದುದು ಸಣ್ಣ ವಿಮಾನದಿಂದ; ದಾರಿ ತೆರೆಯುವ ಹೊತ್ತಿಗೆ ನೀರು ತೆಳುವಾಗಿರುತ್ತದೆ.

ಗಣಿಯ ನಂತರ

ರೇಂಜರ್ ಗಣಿಯಲ್ಲಿ ಅದಿರು ಅಗೆಯುವುದು 2012ರಲ್ಲಿ ನಿಂತು, ರಾಶಿ ಹಾಕಿದ್ದ ಅದಿರಿನ ಸಂಸ್ಕರಣೆ 2021ರ ಜನವರಿಯಲ್ಲಿ ಮುಗಿಯಿತು. ಅಷ್ಟರೊಳಗೆ ಅದು 1,30,000 ಟನ್ನಿಗೂ ಹೆಚ್ಚು ಯುರೇನಿಯಂ ಆಕ್ಸೈಡ್ ಉತ್ಪಾದಿಸಿತ್ತು; 2013ರ ಡಿಸೆಂಬರಿನಲ್ಲಿ ಸಂಸ್ಕರಣಾ ತೊಟ್ಟಿಯೊಂದು ಒಡೆದು ಕೆಸರು ಸುರಿದದ್ದೂ ಸೇರಿ ಹಲವು ಅವಘಡಗಳಿಗೂ ಹೆಸರಾಗಿತ್ತು. ಅಗೆದ ಹೊಂಡಗಳನ್ನು ತುಂಬಿ, ಜಾಗವನ್ನು ಸುತ್ತಲಿನ ಉದ್ಯಾನಕ್ಕೆ ಸೇರಿಸಬಹುದಾದ ಸ್ಥಿತಿಗೆ ತರಬೇಕೆಂಬುದು ಕಾನೂನು. ಇದಕ್ಕಿದ್ದ 2026ರ ಗಡುವು ಸಾಲದೆಂದು ಕಂಡುಬಂದಾಗ 2022ರಲ್ಲಿ ಕಾನೂನನ್ನೇ ತಿದ್ದಿ ಕಾಲಾವಕಾಶಕ್ಕೆ ದಾರಿ ಮಾಡಲಾಯಿತು. ಮೂರು ದಶಕ ಅಗೆದುದನ್ನು ಐದು ವರ್ಷದಲ್ಲಿ ಮುಚ್ಚಬಹುದೆಂಬ ಲೆಕ್ಕ ಮೊದಲೇ ಅತಿ ಆಶಾದಾಯಕವಾಗಿತ್ತು.

ಪಟ್ಟಣದ ಮೇಲಿನ ಮಿರಾರ್ ಹಕ್ಕಿನ ಮೊಕದ್ದಮೆ 1998ರಲ್ಲಿ ಹೂಡಿದ್ದು, 2018ರ ನವೆಂಬರಿನಲ್ಲಿ ಇತ್ಯರ್ಥವಾಯಿತು. 2019ರಲ್ಲಿ ಕೇಂದ್ರ ಸರ್ಕಾರ ಕಾಕಡು ಮತ್ತು ಜಬಿರುಗಳಿಗೆ 21.6 ಕೋಟಿ ಡಾಲರ್ ನೆರವು ಘೋಷಿಸಿತು, ಮತ್ತು 2021ರ ಜೂನ್ 26ರಂದು ಪಟ್ಟಣದ ಭೂಮಿ ಅಧಿಕೃತವಾಗಿ ಮೂಲನಿವಾಸಿಗಳಿಗೆ ಹಸ್ತಾಂತರವಾಯಿತು. ಅದುವರೆಗೆ ಗಣಿಯ ಡೀಸೆಲ್ ಘಟಕದಿಂದ ಬರುತ್ತಿದ್ದ ವಿದ್ಯುತ್ತಿನ ಬದಲಿಗೆ, ಕನಿಷ್ಠ ಅರ್ಧದಷ್ಟನ್ನು ಸೂರ್ಯಶಕ್ತಿಯಿಂದ ಪಡೆಯುವ ಹೊಸ ಕೇಂದ್ರ 2022ರಿಂದ ಕೆಲಸ ಮಾಡುತ್ತಿದೆ. ಗಣಿಯ ಸಂಬಳ ಹೋದ ಮೇಲೆ ಪ್ರವಾಸ, ಕಲೆ ಮತ್ತು ಸರ್ಕಾರಿ ಸೇವೆಗಳೇ ಊರನ್ನು ಹೊರಬೇಕಾಗಿದೆ. ಜನಸಂಖ್ಯೆಯ ಇಳಿತ ನೋಡಿದರೆ ಅದು ಹಗುರವಾದ ಹೊರೆಯಲ್ಲ. 2024ರ ಜುಲೈನಲ್ಲಿ ಜಬಿಲುಕಾ ಗಣಿ ಗುತ್ತಿಗೆಯನ್ನು ನವೀಕರಿಸದಿರಲು ಸರ್ಕಾರ ತೀರ್ಮಾನಿಸಿತು.

ಉದ್ಯಾನವನ್ನು ನಡೆಸುವ ಮಂಡಳಿಯಲ್ಲಿ ಬಹುಮತ ಮೂಲನಿವಾಸಿಗಳದ್ದು. ಕೆಲವು ತಾಣಗಳು ಸಾವಿನ ಸೂತಕಕ್ಕೋ ಆಚರಣೆಗೋ ಹಠಾತ್ತನೆ ಮುಚ್ಚುವುದುಂಟು. ಪವಿತ್ರ ಸ್ಥಳಗಳಲ್ಲಿ ಛಾಯಾಚಿತ್ರ ತೆಗೆಯುವುದು ಮತ್ತು ಚಿತ್ರಗಳನ್ನು ಮುಟ್ಟುವುದು ನಿಷಿದ್ಧ. ದಾರಿಯನ್ನು ಮಳೆಯೂ ಮುಚ್ಚಬಲ್ಲದು: 2007ರ ಮಾರ್ಚ್ ಆರಂಭದ ಮಳೆಗೆ ಜಬಿರುವಿನ ರಸ್ತೆ ಸಂಪರ್ಕ ಕಡಿದು ಗಣಿಯ ಕೆಲಸವೂ ಅಸ್ತವ್ಯಸ್ತವಾಗಿತ್ತು. ಅಂಥ ಮಳೆ ಮತ್ತೆ ಬರಬಾರದೆಂದೇನಿಲ್ಲ. ಆದ್ದರಿಂದ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬರುವವರು ಡಾರ್ವಿನ್ ಬಿಡುವ ಮೊದಲೇ ಉದ್ಯಾನದ ಆಡಳಿತ ಪ್ರಕಟಿಸುವ ರಸ್ತೆಗಳ ವರದಿಯನ್ನು ನೋಡಿಕೊಂಡು, ಒಂದೆರಡು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.